ದಸರೆಯ ಸಂಜೆ, ಸೂರ್ಯನ ಗಾಳಿ, ಜಿಪಿಎಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಸೌರ ಮಾರುತ, ಅಂದರೆ ಸೂರ್ಯನಿಂದ ಹರಿದುಬರುವ ವಿದ್ಯುತ್ ಕಣಗಳ ಗಾಳಿ, ಕೆರಳಿದಾಗ ನಮ್ಮ ತಲೆಯ ಮೇಲಿನ ವಾಯುಮಂಡಲ ಏನಾಗುತ್ತದೆ, ಅದನ್ನು ಎಷ್ಟು ಮುಂಚೆ ಹೇಳಲು ಸಾಧ್ಯ ಎಂದು ಮೈಸೂರು, ಮಂಡ್ಯ ಜಿಲ್ಲೆಗಳಿಂದ ಹಲವರು ಬರೆದಿದ್ದಾರೆ. ಒಂದಕ್ಕೊಂದು ಹೊಂದುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಆರ್‌ಟಿಕೆ ಉಪಕರಣ (ಸೆಂಟಿಮೀಟರ್ ನಿಖರತೆಯ ಜಿಪಿಎಸ್) ಹಿಡಿದು ಜಮೀನು ಅಳೆಯುತ್ತೇವೆ. ಬೆಳಿಗ್ಗೆ ಹತ್ತು ಸೆಕೆಂಡಿನಲ್ಲಿ ಫಿಕ್ಸ್ (ನಿಖರ ಸ್ಥಾನ) ಸಿಗುತ್ತದೆ. ಮಧ್ಯಾಹ್ನ ಎರಡು ಗಂಟೆ ದಾಟಿದರೆ ಫ್ಲೋಟಿನಲ್ಲೇ (ಅಂದಾಜು ಸ್ಥಾನದಲ್ಲೇ) ಒದ್ದಾಡುತ್ತದೆ. ಮಾರ್ಚಿನಲ್ಲಿ ಒಂದು ದಿನ ಸಂಜೆ ಏಳೂವರೆಗೆ ಸಿಕ್ಕಿದ್ದ ಫಿಕ್ಸೂ ಕಳೆದುಹೋಯಿತು. ಭೂಕಾಂತ ಕ್ಷೇತ್ರದ ಕಲಕಾಟ ಹೇಳುವ ಕೆಪಿ ಸೂಚ್ಯಂಕ ನೋಡಿದರೆ ಬರೀ 2. ಸೌರ ಬಿರುಗಾಳಿ ಇಲ್ಲದೆಯೂ ಹೀಗಾಗುತ್ತದೆಯೇ? (ಭೂಮಾಪಕರು, ಮದ್ದೂರು)

ಆಗುತ್ತದೆ. ಎರಡು ತೊಂದರೆಗೂ ಮೂಲ ವಾಯುಮಂಡಲದ ಮೇಲ್ಭಾಗದ ವಿದ್ಯುತ್ ಕಣಗಳ ಪದರವಾದ ಅಯಾನುಗೋಳವೇ. ಆದರೆ ಮಧ್ಯಾಹ್ನದ ಕಾಯಿಲೆ ಬೇರೆ, ಸಂಜೆಯದು ಬೇರೆ, ಮದ್ದೂ ಬೇರೆ.

ಮಧ್ಯಾಹ್ನದ್ದು ಮೊದಲು. ಭೂಕಾಂತೀಯ ಸಮಭಾಜಕ ರೇಖೆ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ಗೆರೆ) ತಿರುನೆಲ್ವೇಲಿಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಹಗಲು ಹೊತ್ತು ಅಲ್ಲಿ ಪೂರ್ವಕ್ಕೆ ಮುಖ ಮಾಡಿದ ವಿದ್ಯುತ್ ಕ್ಷೇತ್ರವಿರುತ್ತದೆ. ಅದು ಎಲೆಕ್ಟ್ರಾನು, ಅಯಾನುಗಳನ್ನು ಮೇಲಕ್ಕೆತ್ತುತ್ತದೆ. ಮೇಲೆದ್ದದ್ದು ಕಾಂತರೇಖೆಗಳ ಜಾಡು ಹಿಡಿದು ಉತ್ತರಕ್ಕೂ ದಕ್ಷಿಣಕ್ಕೂ ಜಾರುತ್ತದೆ, ಬೃಂದಾವನದ ಕಾರಂಜಿಯಲ್ಲಿ ನೀರು ನಡುವೆ ಏರಿ ಎರಡೂ ಬದಿಗೆ ಬೀಳುವ ಹಾಗೆ. ಉತ್ತರದ ರಾಶಿ ಬೀಳುವುದು ಅಹಮದಾಬಾದ್, ಭೋಪಾಲ್, ಕೋಲ್ಕತ್ತದ ಸಾಲಿನಲ್ಲಿ. ಮಂಡ್ಯ ಆ ರಾಶಿಯ ಇಳಿಜಾರಿನಲ್ಲಿದೆ. ಅಂದರೆ ಇಲ್ಲಿಂದ ಉತ್ತರಕ್ಕೆ ಹೋದಷ್ಟೂ ತಲೆಯ ಮೇಲಿನ ಎಲೆಕ್ಟ್ರಾನುಗಳ ಲೆಕ್ಕ ಬದಲಾಗುತ್ತಿರುತ್ತದೆ.

ಆ ಲೆಕ್ಕಕ್ಕೆ ಟಿಇಸಿ ಎನ್ನುತ್ತಾರೆ. ಒಂದು ಚದರ ಮೀಟರ್ ಅಗಲದ ಕಂಬದಲ್ಲಿ 10ರ ಘಾತ 16 ಎಲೆಕ್ಟ್ರಾನುಗಳಿದ್ದರೆ 1 ಘಟಕ. ಸೌರ ಚಟುವಟಿಕೆ ಗರಿಷ್ಠವಾಗಿರುವ ವರ್ಷಗಳಲ್ಲಿ ನಮ್ಮ ಭಾಗದಲ್ಲಿ ಮಧ್ಯಾಹ್ನ 70-80 ಘಟಕ ಮುಟ್ಟುವುದು ಸಾಮಾನ್ಯ. ಬೆಳಗಿನ ಜಾವ ಅದು ಹತ್ತರ ಆಸುಪಾಸಿಗೆ ಇಳಿದಿರುತ್ತದೆ. ಒಂದೊಂದು ಘಟಕವೂ ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಸಂಕೇತವನ್ನು 16 ಸೆಂಟಿಮೀಟರ್ ತಡ ಮಾಡುತ್ತದೆ. ಆ ಅಲೆಯ ಉದ್ದ 19 ಸೆಂ.ಮೀ. ಈಗ ನೋಡಿ: ಬೇಸ್ (ಒಂದೆಡೆ ನಿಲ್ಲಿಸಿದ ರಿಸೀವರ್) ಮತ್ತು ರೋವರ್ (ಹಿಡಿದು ಓಡಾಡುವ ರಿಸೀವರ್) ಎರಡೂ ಒಂದೇ ಅಯಾನುಗೋಳವನ್ನು ನೋಡುತ್ತಿವೆ ಎಂಬ ನಂಬಿಕೆಯ ಮೇಲೆ ಆರ್‌ಟಿಕೆ ನಿಂತಿದೆ. ಎರಡರ ನಡುವೆ ಅರ್ಧ ಘಟಕ ವ್ಯತ್ಯಾಸ ಬಂದರೂ 8 ಸೆಂ.ಮೀ. ಆಯಿತು, ಹೆಚ್ಚುಕಡಿಮೆ ಅರ್ಧ ಅಲೆ. ಅಲೆಗಳ ಪೂರ್ಣ ಸಂಖ್ಯೆ ಎಷ್ಟು ಎಂದು ರಿಸೀವರ್ ತೀರ್ಮಾನಿಸಲಾರದೆ ಫ್ಲೋಟಿನಲ್ಲಿ ನಿಲ್ಲುವುದು ಇದಕ್ಕೇ.

ಮದ್ದು ಸರಳ. ಮಧ್ಯಾಹ್ನ 12ರಿಂದ 5ರವರೆಗೆ ಬೇಸನ್ನು 5 ಕಿ.ಮೀ. ಒಳಗಿಡಿ. ದೂರದ ಕಾರ್ಸ್ (ಸದಾ ಚಾಲೂ ಇರುವ ಸ್ಥಿರ ಜಿಪಿಎಸ್) ಕೇಂದ್ರದಿಂದ ತಿದ್ದುಪಡಿ ತೆಗೆದುಕೊಳ್ಳುವುದಾದರೆ ಒಂದೇ ಕೇಂದ್ರವನ್ನು ನೆಚ್ಚಬೇಡಿ, ಜಾಲದ ತಿದ್ದುಪಡಿ ಆರಿಸಿಕೊಳ್ಳಿ. ಎಲಿವೇಷನ್ ಮಾಸ್ಕ್ 15 ಡಿಗ್ರಿಗೆ ಇಡಿ, ಅದಕ್ಕಿಂತ ಕೆಳಗಿನ ಉಪಗ್ರಹಗಳನ್ನು ರಿಸೀವರ್ ಬಿಟ್ಟುಬಿಡುತ್ತದೆ: ದಿಗಂತದ ಹತ್ತಿರದ ಉಪಗ್ರಹದ ಸಂಕೇತ ಅಯಾನುಗೋಳವನ್ನು ಓರೆಯಾಗಿ ಸೀಳಿಕೊಂಡು ಬರುವುದರಿಂದ ನೆತ್ತಿಯ ಮೇಲಿನದಕ್ಕಿಂತ ಎರಡು ಮೂರು ಪಟ್ಟು ತಡ ಹೊತ್ತು ತರುತ್ತದೆ.

ಸಂಜೆಯದು ಪ್ಲಾಸ್ಮಾ (ಎಲೆಕ್ಟ್ರಾನು, ಅಯಾನುಗಳ ಮಿಶ್ರಣ) ಗುಳ್ಳೆಗಳ ಕೆಲಸ. ಸೂರ್ಯ ಮುಳುಗುತ್ತಿದ್ದಂತೆ ಅಯಾನುಗೋಳದ ಕೆಳಪದರ ಬೇಗ ಕರಗುತ್ತದೆ, ಮೇಲ್ಪದರ ದಟ್ಟವಾಗಿಯೇ ಉಳಿಯುತ್ತದೆ. ಅದೇ ಹೊತ್ತಿಗೆ ವಿದ್ಯುತ್ ಕ್ಷೇತ್ರ ಕೊನೆಯದಾಗಿ ಒಮ್ಮೆ ಪೂರ್ವಕ್ಕೆ ಉಬ್ಬಿ ಇಡೀ ಪದರವನ್ನು ಎತ್ತುತ್ತದೆ. ಎಣ್ಣೆಯ ಮೇಲೆ ನೀರು ಸುರಿದಂತೆ: ಭಾರದ್ದು ಮೇಲೆ, ಹಗುರದ್ದು ಕೆಳಗೆ. ಕೆಳಗಿನ ಹಗುರ ಪ್ಲಾಸ್ಮಾ ಗುಳ್ಳೆಗಳಾಗಿ ನೂರಾರು ಕಿಲೋಮೀಟರ್ ಮೇಲೇರುತ್ತದೆ. ಅದರ ಅಂಚುಗಳ ಮೂಲಕ ಹಾದುಬರುವ ಸಂಕೇತ ನಕ್ಷತ್ರ ಮಿನುಗುವ ಹಾಗೆ ಮಿನುಗುತ್ತದೆ, ಕ್ಷಣ ಕ್ಷಣಕ್ಕೂ ಬಲ ಏರಿಳಿಯುತ್ತದೆ. ರಿಸೀವರ್ ಹಿಡಿತ ತಪ್ಪುತ್ತದೆ. ಎರಡು ಆವರ್ತನದ ರಿಸೀವರ್ ಇದ್ದರೆ ಸಾಕು ಎಂದು ಮಾರುವವರು ಹೇಳುತ್ತಾರೆ; ಅದು ಮಧ್ಯಾಹ್ನದ ತಡಕ್ಕೆ ಸರಿ, ಈ ಮಿನುಗಾಟಕ್ಕೆ ಅಲ್ಲ. ಎರಡೂ ಆವರ್ತನ ಒಟ್ಟಿಗೇ ಕೈಕೊಡುತ್ತವೆ.

ಭಾರತದಲ್ಲಿ ಇದರ ಹಂಗಾಮು ಫೆಬ್ರವರಿಯಿಂದ ಏಪ್ರಿಲ್, ಮತ್ತೆ ಸೆಪ್ಟೆಂಬರ್-ಅಕ್ಟೋಬರ್. ಹೊತ್ತು ಸಂಜೆ ಏಳೂವರೆಯಿಂದ ನಡುರಾತ್ರಿಯವರೆಗೆ. ಕೆಪಿ 2 ಇದ್ದರೂ ಬರುತ್ತದೆ, 0 ಇದ್ದರೂ ಬರುತ್ತದೆ. ಆ ತಿಂಗಳುಗಳಲ್ಲಿ ಗಡಿಕಲ್ಲಿನ ಕೆಲಸ ಏಳರೊಳಗೆ ಮುಗಿಸಿ. ಮುಗಿಯದಿದ್ದರೆ ಬೇಸ್, ರೋವರ್ ಎರಡರಲ್ಲೂ ಕಚ್ಚಾ ದತ್ತಾಂಶ ದಾಖಲಿಸಿಕೊಂಡು ಆಮೇಲೆ ಕಚೇರಿಯಲ್ಲಿ ಲೆಕ್ಕ ಹಾಕಿ.

ಫಿಕ್ಸ್ ಸಿಗದಿರುವುದಕ್ಕಿಂತ ನಮಗೆ ಭಯ ಹೆಚ್ಚು ಸುಳ್ಳು ಫಿಕ್ಸಿನದು. ಪರದೆಯಲ್ಲಿ 2 ಸೆಂ.ಮೀ. ಎಂದು ತೋರಿಸುತ್ತಿರುತ್ತದೆ, ನಿಜದಲ್ಲಿ 30 ಸೆಂ.ಮೀ. ಪಕ್ಕದಲ್ಲಿರುತ್ತೀರಿ, ಆ ಗೆರೆಯ ಮೇಲೆ ಅಣ್ಣತಮ್ಮಂದಿರ ಜಗಳ ಹುಟ್ಟುತ್ತದೆ. ಪ್ರತಿ ಮುಖ್ಯ ಬಿಂದುವನ್ನು ಅಳೆದ ಮೇಲೆ ಫಿಕ್ಸನ್ನು ಬೇಕೆಂದೇ ಮುರಿದು, ಹೊಸದಾಗಿ ಹಿಡಿದು ಮತ್ತೆ ಅಳೆಯಿರಿ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಮೂರೂ 3 ಸೆಂ.ಮೀ. ಒಳಗೆ ಹೊಂದಿದರೆ ಮಾತ್ರ ಪುಸ್ತಕಕ್ಕೆ ಏರಿಸಿ.

ಪ್ರಶ್ನೆ: ಕಬ್ಬು, ಭತ್ತಕ್ಕೆ ಡ್ರೋನಿನಲ್ಲಿ ಔಷಧಿ ಹೊಡೆಯುತ್ತೇವೆ. ಕೆಪಿ 5 ದಾಟಿದರೆ ಹಾರಿಸಬೇಡಿ ಎಂದು ಮೊಬೈಲ್ ಆಪ್ ಕೆಂಪು ತೋರಿಸುತ್ತದೆ. ಆ ದಿನದ ಕೆಲಸ ಬಿಡಬೇಕೇ? (ಪಾಂಡವಪುರ)

ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಹೊಡೆಯುವುದಾದರೆ ಕೆಪಿ 5ಕ್ಕೆ ಕೆಲಸ ಬಿಡಬೇಕಿಲ್ಲ. ಕೆಪಿ ಎಂಬುದು 13 ಕಾಂತೀಯ ವೀಕ್ಷಣಾಲಯಗಳ ಅಳತೆಯಿಂದ ಮೂರು ಗಂಟೆಗೊಮ್ಮೆ ತೆಗೆಯುವ ಅಂಕಿ. ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಲೆಕ್ಕವಾಗುತ್ತದೆ. ಆ ವೀಕ್ಷಣಾಲಯಗಳಲ್ಲಿ ಒಂದೂ ಸಮಭಾಜಕದ ಹತ್ತಿರದ್ದಲ್ಲ. ಕೆನಡಾದ ರೈತನಿಗೆ ಅದು ಹೇಳುವಷ್ಟು ನಮಗೆ ಹೇಳುವುದಿಲ್ಲ.

ದಿಕ್ಸೂಚಿ ತಪ್ಪುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ನಮ್ಮಲ್ಲಿ ಭೂಕಾಂತ ಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ದೊಡ್ಡ ಬಿರುಗಾಳಿಯಲ್ಲಿ ಅದು ಕೆಲವು ನೂರು ಇಳಿಯಬಹುದು. ಆದರೆ ಇಳಿಯುವುದು ಉತ್ತರ-ದಕ್ಷಿಣ ನೇರದಲ್ಲೇ, ಆದ್ದರಿಂದ ಮುಳ್ಳು ತಿರುಗುವುದಿಲ್ಲ. ಪೂರ್ವ-ಪಶ್ಚಿಮಕ್ಕೆ 100 ನ್ಯಾನೊಟೆಸ್ಲಾ ವ್ಯತ್ಯಾಸ ಬಂದರೂ ಮುಳ್ಳು ಸರಿಯುವುದು ಒಂದು ಡಿಗ್ರಿಯ ಏಳನೇ ಒಂದು ಪಾಲು. ಟ್ರ್ಯಾಕ್ಟರ್ ಟ್ರೈಲರಿನ ಪಕ್ಕ ನಿಂತು ಕ್ಯಾಲಿಬ್ರೇಟ್ ಮಾಡಿದರೆ ಇದರ ಹತ್ತಾರು ಪಟ್ಟು ಕೆಡುತ್ತದೆ. ಕಬ್ಬಿಣದಿಂದ ಹತ್ತು ಮೀಟರ್ ದೂರ ಹೋಗಿ ಮಾಡಿ.

ತಿದ್ದುಪಡಿ ಇಲ್ಲದ, ಒಂದೇ ಆವರ್ತನದ ಜಿಪಿಎಸ್ ಇರುವ ಡ್ರೋನ್ ಆದರೆ ಮಧ್ಯಾಹ್ನ ಎಚ್ಚರ ಬೇಕು. 80 ಘಟಕಕ್ಕೆ ತಡ 13 ಮೀಟರ್. ಜಿಪಿಎಸ್ ತನ್ನ ಸಂಕೇತದಲ್ಲೇ ಕಳಿಸುವ ಎಂಟು ಗುಣಾಂಕಗಳ ಸೂತ್ರ ಅದರಲ್ಲಿ ಸುಮಾರು ಅರ್ಧ ಕಳೆಯುತ್ತದೆ. ಉಳಿದದ್ದರಲ್ಲಿ ಹೆಚ್ಚು ಪಾಲು ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಬೆಳೆಯಿಂದ ಎರಡು ಮೂರು ಮೀಟರ್ ಮೇಲೆ ಹಾರುವ ಯಂತ್ರಕ್ಕೆ ಎತ್ತರವನ್ನು ಜಿಪಿಎಸ್ ಕೈಗೆ ಕೊಡಬೇಡಿ; ರಡಾರ್ ಎತ್ತರಮಾಪಕ ಚಾಲೂ ಇದೆಯೇ ಎಂದು ಪ್ರತಿ ಸಲ ನೋಡಿ.

ಪ್ರಶ್ನೆ: ಸೂರ್ಯನಲ್ಲಿ ಸ್ಫೋಟವಾದದ್ದರಿಂದ ಹಿಡಿದು ನಮ್ಮ ಮೇಲಿನ ಅಯಾನುಗೋಳ ಅಲುಗಾಡುವ ತನಕ ಮುನ್ಸೂಚನೆ ಹೇಗೆ ತಯಾರಾಗುತ್ತದೆ? ಎಲ್ಲಿ ಕೈತಪ್ಪುತ್ತದೆ? (ಎಂಎಸ್‌ಸಿ ವಿದ್ಯಾರ್ಥಿನಿ, ಮೈಸೂರು)

ಮೂರು ಕಡೆ ಮೂರು ಬಗೆಯ ಲೆಕ್ಕ ನಡೆಯುತ್ತದೆ, ಒಂದೊಂದರ ನಂಬಿಕೆಯೂ ಒಂದೊಂದು ಮಟ್ಟದ್ದು.

ಮೊದಲನೆಯದು ಸೂರ್ಯನ ಬಳಿ. ಸೂರ್ಯಬಿಂಬವನ್ನು ಮರೆಮಾಡಿ ಸುತ್ತಲಿನ ಕರೋನಾ (ಸೂರ್ಯನ ಹೊರ ವಾತಾವರಣ) ನೋಡುವ ಉಪಕರಣಗಳಲ್ಲಿ ಸೂರ್ಯ ಉಗುಳಿದ ಕಣಗಳ ಮೋಡ ಕಾಣುತ್ತದೆ. ಇದನ್ನು ಸಿಎಂಇ ಎನ್ನುತ್ತೇವೆ. 1995ರಲ್ಲಿ ಹಾರಿದ ಸೋಹೋ ನೌಕೆ ದಶಕಗಳ ಕಾಲ ಈ ಕೆಲಸ ಮಾಡಿದೆ; ನಮ್ಮ ಆದಿತ್ಯ-ಎಲ್1 ನೌಕೆಯ ವಿಇಎಲ್‌ಸಿ ಉಪಕರಣ ಸೂರ್ಯನ ಅಂಚಿಗೆ ತೀರ ಹತ್ತಿರದ ಕರೋನಾ ನೋಡುತ್ತದೆ. ಚಿತ್ರಗಳಿಂದ ವೇಗ, ಅಗಲ, ದಿಕ್ಕು ಅಳೆದು ಎನ್‌ಲಿಲ್‌ನಂಥ ಗಣಕ ಮಾದರಿಗೆ ಕೊಡುತ್ತಾರೆ. ಮೋಡ ಯಾವಾಗ ತಲಪುತ್ತದೆ ಎಂದು ಅದು ಹೇಳುತ್ತದೆ: ಒಂದರಿಂದ ನಾಲ್ಕು ದಿನ, ತಪ್ಪು ಹತ್ತು ಗಂಟೆ ಆಚೀಚೆ. ಎಲ್ಲಿ ಕೈತಪ್ಪುತ್ತದೆ ಎಂದಿರಲ್ಲ, ಇಲ್ಲೇ. ಮೋಡ ಹೊತ್ತು ಬರುವ ಕಾಂತಕ್ಷೇತ್ರ ಉತ್ತರಕ್ಕೆ ಮುಖ ಮಾಡಿದೆಯೋ ದಕ್ಷಿಣಕ್ಕೋ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಭೂಮಿಯ ಕಾಂತಕವಚದ ಬಾಗಿಲು ತೆರೆಯುವುದು ದಕ್ಷಿಣಮುಖಿ ಕ್ಷೇತ್ರಕ್ಕೆ ಮಾತ್ರ. ಬಿರುಗಾಳಿ ಬರುತ್ತದೆ ಎಂದು ಎರಡು ದಿನ ಮುಂಚೆ ಸುದ್ದಿ ಮಾಡಿ ಆಮೇಲೆ ಏನೂ ಆಗದೆ ಹೋಗುವುದು ಈ ಕಾರಣಕ್ಕೆ. ಮುನ್ಸೂಚಕರನ್ನು ಬೈಯುವ ಮೊದಲು ಇದನ್ನು ತಿಳಿದಿರಬೇಕು.

ಎರಡನೆಯದು ಎಲ್1 ಬಿಂದು. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ಅಲ್ಲಿನ ಕಕ್ಷೆ ಸೇರಿದ ಆದಿತ್ಯ ನೌಕೆಯ ಕಣಮಾಪಕಗಳಾದ ಆಸ್ಪೆಕ್ಸ್, ಪಾಪಾ ಮತ್ತು ಕಾಂತಮಾಪಕ, ಜೊತೆಗೆ ಅಮೆರಿಕದ ಏಸ್‌ನಂಥ ನೌಕೆಗಳು ಅಲ್ಲಿ ಹಾದುಹೋಗುವ ಗಾಳಿಯನ್ನೇ ಮುಟ್ಟಿ ಅಳೆಯುತ್ತವೆ. ಮಾಮೂಲಿ ದಿನ ವೇಗ ಸೆಕೆಂಡಿಗೆ 400 ಕಿ.ಮೀ., ಘನ ಸೆಂಟಿಮೀಟರಿಗೆ ಐದಾರು ಕಣ, ಕಾಂತಕ್ಷೇತ್ರ 5 ನ್ಯಾನೊಟೆಸ್ಲಾ. ಇಲ್ಲಿ ಸಿಗುವ ಮಾಹಿತಿ ನಂಬಬಹುದಾದದ್ದು, ಆದರೆ ಬಿಡುವು ಕಡಿಮೆ. 400ರ ವೇಗಕ್ಕೆ 62 ನಿಮಿಷ, 800ಕ್ಕೆ 31.

ಒಂದು ಲೆಕ್ಕ ಕೈಯಲ್ಲೇ ಮಾಡಿ ನೋಡಿ. ವೇಗ 600, ದಕ್ಷಿಣಮುಖಿ ಕ್ಷೇತ್ರ, ಅಂದರೆ ಬಿಜೆಡ್, ಮೈನಸ್ 15 ನ್ಯಾನೊಟೆಸ್ಲಾ ಇರಲಿ. ಗುಣಿಸಿದರೆ ಸೌರ ಮಾರುತದ ವಿದ್ಯುತ್ ಕ್ಷೇತ್ರ ಮೀಟರಿಗೆ 9 ಮಿಲಿವೋಲ್ಟ್. ಅದರಲ್ಲಿ ಸುಮಾರು ಹತ್ತನೇ ಒಂದು ಪಾಲು ಧ್ರುವ ಪ್ರದೇಶದಿಂದ ಸಮಭಾಜಕದವರೆಗೂ ಕೆಲವೇ ನಿಮಿಷಗಳಲ್ಲಿ ನುಗ್ಗುತ್ತದೆ. 0.9 ಮಿಲಿವೋಲ್ಟ್ ಎಂದಿಟ್ಟುಕೊಳ್ಳಿ. ನಮ್ಮಲ್ಲಿನ ಕಾಂತಕ್ಷೇತ್ರದಿಂದ ಭಾಗಿಸಿದರೆ ಪ್ಲಾಸ್ಮಾದ ಏರುವೇಗ ಸೆಕೆಂಡಿಗೆ 22-23 ಮೀಟರ್ ಹೆಚ್ಚುತ್ತದೆ. ಹಗಲಿನ ಮಾಮೂಲಿ ಏರುವೇಗವೇ 20ರ ಆಸುಪಾಸು. ಕಾರಂಜಿಗೆ ಇಮ್ಮಡಿ ಒತ್ತಡ ಕೊಟ್ಟಂತಾಯಿತು.

ಆದರೆ ಈ ಒತ್ತಡ ಎಲ್ಲ ಹೊತ್ತಿನಲ್ಲೂ ಮೇಲ್ಮುಖವಲ್ಲ. ಹಗಲಿನಿಂದ ಮುಸ್ಸಂಜೆಯ ತನಕ ಅದು ಪ್ಲಾಸ್ಮಾವನ್ನು ಎತ್ತುತ್ತದೆ. ರಾತ್ರಿ ಒಂಬತ್ತು ಹತ್ತರ ನಂತರ ದಿಕ್ಕು ಬದಲಾಗಿ ಒತ್ತಿ ಇಳಿಸುತ್ತದೆ. ಇನ್ನು ಧ್ರುವ ಪ್ರದೇಶದಲ್ಲಿ ಕಾದ ಗಾಳಿಯ ಅಲೆ ಸೆಕೆಂಡಿಗೆ 600 ಮೀಟರ್ ಆಸುಪಾಸಿನ ವೇಗದಲ್ಲಿ ಸುಮಾರು 6,000 ಕಿ.ಮೀ. ದಾಟಿ ನಮ್ಮ ಮೇಲೆ ಬರಲು ಮೂರು ಗಂಟೆ ಬೇಕು. ಆಮೇಲೆ ಬದಲಾದ ಗಾಳಿಗಳು ಹುಟ್ಟಿಸುವ ವಿದ್ಯುತ್ ಕ್ಷೇತ್ರ ಮೊದಲನೆಯದಕ್ಕೆ ತದ್ವಿರುದ್ಧ: ಹಗಲು ಇಳಿಸುತ್ತದೆ, ರಾತ್ರಿ ಎತ್ತುತ್ತದೆ. ಅದು ಮರುದಿನವೂ ಉಳಿದಿರುತ್ತದೆ. ಒಂದೇ ಬಿರುಗಾಳಿ ಮೊದಲ ಗಂಟೆಗಳಲ್ಲಿ ಒಂದು ಬಗೆ, ಮರುದಿನ ಇನ್ನೊಂದು ಬಗೆ.

ಮೂರನೆಯದು ಮೇಲ್ವಾಯುಮಂಡಲದ ಮಾದರಿ. ಟೈ-ಜಿಸಿಎಂ ಸಂಶೋಧಕರ ಕೈಯಲ್ಲಿ ಬಹುಕಾಲದಿಂದ ಪಳಗಿದ್ದು; ಅಮೆರಿಕದ ಮುನ್ಸೂಚನಾ ಕೇಂದ್ರ 2021ರಿಂದ ವ್ಯಾಮ್-ಐಪಿಇ ಎಂಬುದನ್ನು ದಿನನಿತ್ಯ ಓಡಿಸುತ್ತಿದೆ. ಎಲ್1ರ ಅಂಕಿಗಳನ್ನು ಮೇಲಿನಿಂದ ಕೊಟ್ಟು, ಕೆಳಗಿನ ಹವೆಯ ಉಬ್ಬರವಿಳಿತಗಳನ್ನು ಕೆಳಗಿನಿಂದ ಕೊಟ್ಟು, ನಡುವೆ ಗಾಳಿ, ಉಷ್ಣ, ರಾಸಾಯನಿಕ, ವಿದ್ಯುತ್ ನಾಲ್ಕನ್ನೂ ಒಟ್ಟಿಗೆ ಬಿಡಿಸುತ್ತಾರೆ. ಆರಂಭದ ಸ್ಥಿತಿ ಸರಿಯಿಲ್ಲದಿದ್ದರೆ ಮುಂದಿನದೆಲ್ಲ ಕೆಡುತ್ತದೆ. ಅದಕ್ಕಾಗಿ ನೆಲದ ಜಿಪಿಎಸ್ ಕೇಂದ್ರಗಳ ಟಿಇಸಿಯನ್ನೂ, 2019ರಲ್ಲಿ ಹಾರಿದ ಕಾಸ್ಮಿಕ್-2ರ ಆರು ಉಪಗ್ರಹಗಳ ಅಳತೆಯನ್ನೂ ಬೆರೆಸುವ ಪ್ರಯತ್ನ ನಡೆದಿದೆ. ಆ ಉಪಗ್ರಹಗಳ ಕಕ್ಷೆ ಸಮಭಾಜಕಕ್ಕೆ 24 ಡಿಗ್ರಿ ಮಾತ್ರ ಓರೆ, ಆದ್ದರಿಂದ ನಮ್ಮ ಪ್ರದೇಶಕ್ಕೆ ಅವು ಬಹಳ ಬೆಲೆಬಾಳುವಂಥವು. ಇಂಥ ಮಾದರಿಗಳು ಟಿಇಸಿ ಹೆಚ್ಚುತ್ತದೋ ಕುಗ್ಗುತ್ತದೋ ಎಂಬುದನ್ನು ತಕ್ಕಮಟ್ಟಿಗೆ ಹೇಳುತ್ತವೆ. ಗುಳ್ಳೆ ಮಂಡ್ಯದ ಮೇಲೆ ಹುಟ್ಟುತ್ತದೋ ಮಂಗಳೂರಿನ ಮೇಲೋ ಎಂದು ಕೇಳಿದರೆ ಹೇಳಲಾರವು. ಗುಳ್ಳೆಯ ಒಳರಚನೆ ಮಾದರಿಯ ಬಲೆಯ ಕಣ್ಣಿಗಿಂತ ತುಂಬ ಚಿಕ್ಕದು.

ಈ ವಿಷಯದಲ್ಲೇ ಮುಂದುವರಿಯುವ ಮನಸ್ಸಿದ್ದರೆ ಪ್ರಾಜೆಕ್ಟಿಗೆ ಒಂದು ಕೆಲಸ: ಎರಡು ಆವರ್ತನದ ರಿಸೀವರ್ ಒಂದನ್ನು ಮಹಡಿಯ ಮೇಲೆ ಕೂರಿಸಿ ಒಂದು ವರ್ಷ ಟಿಇಸಿ ಮತ್ತು ಮಿನುಗಾಟದ ಎಸ್4 ಸೂಚ್ಯಂಕ ದಾಖಲಿಸಿ. ಎಸ್4 ಅಳೆಯಬೇಕಾದರೆ ರಿಸೀವರ್ ಸೆಕೆಂಡಿಗೆ ಕಡಿಮೆಯೆಂದರೆ 20 ಸಲ, ಸಾಧ್ಯವಾದರೆ 50 ಸಲ, ಸಂಕೇತದ ಬಲವನ್ನು ಬರೆಯಬೇಕು. ಸೆಕೆಂಡಿಗೊಮ್ಮೆ ಬರೆಯುವ ರಿಸೀವರಿನಲ್ಲಿ ಮಿನುಗಾಟ ಸವೆದುಹೋಗುತ್ತದೆ. ಆಂಟೆನಾದ ಸುತ್ತ ನೀರಿನ ಟ್ಯಾಂಕು, ತಗಡಿನ ಶೀಟು ಇರಕೂಡದು: ಅವುಗಳಿಂದ ಪ್ರತಿಫಲಿಸಿ ಬರುವ ಸಂಕೇತವೂ ಎಸ್4 ಏರಿದಂತೆ ತೋರಿಸುತ್ತದೆ. ಬೇರ್ಪಡಿಸುವ ಉಪಾಯವಿದೆ. ಜಿಪಿಎಸ್ ಉಪಗ್ರಹ ಪ್ರತಿದಿನ ಸುಮಾರು 4 ನಿಮಿಷ ಮುಂಚೆ ಅದೇ ಜಾಗಕ್ಕೆ ಬರುತ್ತದೆ. ಎಸ್4 ಏರಿಕೆಯೂ ದಿನಕ್ಕೆ 4 ನಿಮಿಷ ಮುಂಚೆ ಬರುತ್ತಿದ್ದರೆ ಅದು ಟ್ಯಾಂಕಿನದು, ಆಕಾಶದ್ದಲ್ಲ.

ಪ್ರಶ್ನೆ: ಬನ್ನಿಮಂಟಪದಲ್ಲಿ ದಸರೆಗೆ ಡ್ರೋನ್ ಪ್ರದರ್ಶನ ನಡೆಯುತ್ತಿದೆ. ಸೌರ ಬಿರುಗಾಳಿ ಬಂದರೆ ಸಾವಿರಾರು ಡ್ರೋನ್‌ಗಳ ಗತಿಯೇನು? (ಮೈಸೂರು)

ಒಳ್ಳೆಯ ಪ್ರಶ್ನೆ. ದಸರೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಪ್ರದರ್ಶನ ಕತ್ತಲಾದ ಮೇಲೆ. ತಿಂಗಳೂ ಗುಳ್ಳೆಗಳದೇ, ಹೊತ್ತೂ ಗುಳ್ಳೆಗಳದೇ. ಇಂಥ ಡ್ರೋನ್‌ಗಳು ಸಾಮಾನ್ಯವಾಗಿ ಆರ್‌ಟಿಕೆ ನೆಚ್ಚಿಕೊಂಡು ಒಂದರಿಂದ ಒಂದು ಕೆಲವೇ ಮೀಟರ್ ಅಂತರದಲ್ಲಿ ಹಾರುತ್ತವೆ.

2024ರ ದಸರೆಯನ್ನೇ ನೋಡಿ. ಜಂಬೂ ಸವಾರಿ ಅಕ್ಟೋಬರ್ 12ರಂದು. ಅದಕ್ಕೆ ಎರಡು ದಿನ ಮುಂಚೆ, 10ರ ರಾತ್ರಿ 8.45ರ ಸುಮಾರಿಗೆ ಒಂದು ಸಿಎಂಇ ಭೂಮಿಗೆ ಬಡಿದು ಜಿ4 ಮಟ್ಟದ (ಜಿ5 ಅತಿ ದೊಡ್ಡದು) ಬಿರುಗಾಳಿ ಎಬ್ಬಿಸಿತು. ಅದೇ ವರ್ಷ ಮೇ 10ರ ಜಿ5 ಬಿರುಗಾಳಿ ಇದಕ್ಕಿಂತ ದೊಡ್ಡದು, ಅದರ ಮೊದಲ ಪೆಟ್ಟು ಬಿದ್ದದ್ದು ನಮ್ಮ ರಾತ್ರಿ 10.35ಕ್ಕೆ. ಇಲ್ಲಿ ನಮ್ಮ ಕೈಗಡಿಯಾರ ತೋರಿಸುವುದು ಅಲಹಾಬಾದಿನ ಪಕ್ಕದ ರೇಖಾಂಶದ ಸಮಯ ಎಂಬುದನ್ನು ಮರೆಯಬಾರದು. ಮೈಸೂರಿನ ಸೂರ್ಯ 23 ನಿಮಿಷ ಹಿಂದಿದ್ದಾನೆ. ಅಯಾನುಗೋಳ ಸೂರ್ಯನ ಲೆಕ್ಕದಲ್ಲೇ ನಡೆಯುವುದು. ಹಾಗಾಗಿ ಅಕ್ಟೋಬರಿನದು 8.22ಕ್ಕೆ, ಸಂಜೆಯ ಕಿಟಕಿ, ಅಂದರೆ ಒತ್ತಡ ಪ್ಲಾಸ್ಮಾವನ್ನು ಎತ್ತುವ ಹೊತ್ತು, ಇನ್ನೂ ತೆರೆದಿದ್ದಾಗ. ಮೇ ತಿಂಗಳಿನದು 10.12ಕ್ಕೆ, ಕಿಟಕಿ ಮುಚ್ಚಿದ ಮೇಲೆ. ಮೈಸೂರಿನ ಸಂಜೆಯ ಕೆಲಸಕ್ಕೆ ಬಿರುಗಾಳಿ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಗಂಟೆಗೆ ಬಂತು ಎಂದು ಮೊದಲು ಕೇಳಬೇಕು. ಐದೂವರೆಯಿಂದ ಎಂಟೂವರೆಯೊಳಗೆ ಬಿಜೆಡ್ ದಕ್ಷಿಣಕ್ಕೆ ತಿರುಗಿತೆಂದರೆ ಅತಿ ಕೆಟ್ಟ ಕಾಲ. ಸಂಜೆಯ ಮಾಮೂಲಿ ಉಬ್ಬು, ಬಿರುಗಾಳಿಯ ಒತ್ತಡ, ಹೀಗೆ ಎತ್ತುವ ಎರಡು ಕೈ ಒಟ್ಟು ಸೇರುತ್ತವೆ. ಬೆಳಿಗ್ಗೆಯೇ ಬಿರುಗಾಳಿ ಎದ್ದು ದಿನವಿಡೀ ನಡೆದಿದ್ದರೆ ಆ ಸಂಜೆ ಗುಳ್ಳೆಗಳೇ ಏಳದೆ ಇರಬಹುದು, ಮಾಮೂಲಿಗಿಂತ ಸ್ವಚ್ಛ ಆಕಾಶ ಸಿಗಬಹುದು. ಆದರೆ ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಹೊತ್ತಲ್ಲದ ಹೊತ್ತಿನಲ್ಲಿ ಗುಳ್ಳೆ ಏಳುವ ಸಂಭವವಿದೆ.

ಆಯೋಜಕರು ಮಾಡಬಹುದಾದದ್ದು: ಹಾರಾಟಕ್ಕೆ ಒಂದು ಗಂಟೆ ಮುಂಚೆ ಎಲ್1ರ ಅಂಕಿ ನೋಡುವುದು. ಮೈದಾನದಲ್ಲೇ ಒಂದು ರಿಸೀವರ್ ಇಟ್ಟು ಏಳು ಗಂಟೆಯಿಂದ ಎಸ್4 ಗಮನಿಸುವುದು. ಏಕಕಾಲಕ್ಕೆ ಮೂರು ನಾಲ್ಕು ಉಪಗ್ರಹಗಳಲ್ಲಿ 0.5 ದಾಟಿದರೆ ಹಾರಿಸದಿರುವುದು. ಗುಳ್ಳೆ ಆಕಾಶವನ್ನು ಇಡಿಯಾಗಿ ಮುಚ್ಚುವುದಿಲ್ಲ, ಉತ್ತರ-ದಕ್ಷಿಣ ಪಟ್ಟಿಯಾಗಿ ಪೂರ್ವಕ್ಕೆ ಸರಿಯುತ್ತದೆ. ಜಿಪಿಎಸ್, ಗೆಲಿಲಿಯೋ, ಗ್ಲೋನಾಸ್, ಬೈದೂ, ನಾವಿಕ್ ಎಲ್ಲವನ್ನೂ ಹಿಡಿಯುವ ರಿಸೀವರ್ ಇದ್ದರೆ ಪಟ್ಟಿಯ ಆಚೆಗಿನ ಉಪಗ್ರಹಗಳಾದರೂ ಕೈಹಿಡಿಯುತ್ತವೆ. ಫಿಕ್ಸ್ ತಪ್ಪಿದ ಡ್ರೋನ್ ಏನು ಮಾಡಬೇಕು ಎಂಬುದು ಮೊದಲೇ ಬರೆದಿಟ್ಟಿರಬೇಕು. ಎಲ್ಲವೂ ಒಟ್ಟಿಗೆ ಮನೆಗೆ ಹೊರಟರೆ ದಾರಿಯಲ್ಲಿ ಡಿಕ್ಕಿ. ಇದ್ದಲ್ಲೇ ನಿಂತು, ಪದರ ಪದರವಾಗಿ ಇಳಿಯುವಂತಿರಬೇಕು. ಪ್ರೇಕ್ಷಕರ ತಲೆಯ ಮೇಲೆ ಒಂದೂ ಹಾರಬಾರದು ಎಂಬುದಕ್ಕೆ ರಾಜಿಯೇ ಇಲ್ಲ.

ಪ್ರಶ್ನೆ: ಹವ್ಯಾಸಿ ರೇಡಿಯೊ ನಡೆಸುತ್ತೇನೆ. ನಡುಹಗಲಲ್ಲಿ 7 ಮೆಗಾಹರ್ಟ್ಸ್ ಇದ್ದಕ್ಕಿದ್ದಂತೆ ಸತ್ತುಹೋಗಿ ಅರ್ಧ ಗಂಟೆಯ ನಂತರ ಮರಳುತ್ತದೆ. (ಮೈಸೂರು)

ಇದು ಸೌರ ಮಾರುತವಲ್ಲ, ಸೌರ ಜ್ವಾಲೆಯ ಎಕ್ಸ್‌ಕಿರಣ. ಎಂಟು ನಿಮಿಷ ಚಿಲ್ಲರೆಯಲ್ಲಿ ತಲಪುತ್ತದೆ, ಮುನ್ಸೂಚನೆಗೆ ಸಮಯವೇ ಇಲ್ಲ. ಅಯಾನುಗೋಳದ ಅಡಿಯ ಡಿ ಪದರ ದಪ್ಪಗಾಗಿ ಕಿರುಅಲೆಗಳನ್ನು ನುಂಗುತ್ತದೆ. ನುಂಗುವ ಪ್ರಮಾಣ ಆವರ್ತನದ ವರ್ಗಕ್ಕೆ ವಿಲೋಮ. 7ರಲ್ಲಿ ಆಗುವ ನಷ್ಟದ ಹದಿನಾರನೇ ಒಂದು ಪಾಲು ಮಾತ್ರ 28ರಲ್ಲಿ ಆಗುತ್ತದೆ, ಆದ್ದರಿಂದ ಮೇಲಿನ ಬ್ಯಾಂಡಿಗೆ ಹತ್ತಿ. ಜ್ವಾಲೆಯ ಬಲಕ್ಕೆ ತಕ್ಕಂತೆ ರೇಡಿಯೊ ಕಡಿತಕ್ಕೂ ಶ್ರೇಣಿಯಿದೆ: ಎಂ1 ಜ್ವಾಲೆಗೆ ಆರ್1, ಎಂ5ಕ್ಕೆ ಆರ್2, ಎಕ್ಸ್1ಕ್ಕೆ ಆರ್3. ಜ್ವಾಲೆಯ ಜೊತೆ ಸಿಎಂಇ ಹೊರಟಿದ್ದರೆ ಎರಡು ಮೂರು ದಿನದ ಮೇಲೆ ಬೇರೆ ಬಗೆಯ ತೊಂದರೆಗೆ ಸಿದ್ಧರಾಗಿ. ಎಫ್‌ಎಂಗೆ ಇದಾವುದೂ ತಟ್ಟದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಎಂಬ ಹೆಸರಿಟ್ಟು ರೇಡಿಯೊ ಶುರುಮಾಡಿದ ಊರಿನಲ್ಲಿ ಇನ್ನೂ ಈ ಹವ್ಯಾಸ ಉಳಿದಿದೆ ಎಂದು ತಿಳಿದು ಸಂತೋಷವಾಯಿತು.

ಪ್ರಶ್ನೆ: ಚಾಮುಂಡಿ ಬೆಟ್ಟದಿಂದ ಅರೋರಾ (ಧ್ರುವ ಪ್ರದೇಶದ ಆಕಾಶದ ಬಣ್ಣದ ಬೆಳಕು) ಕಂಡೀತೇ? (ನಂಜನಗೂಡು)

ಇಲ್ಲ. 2024ರ ಮೇ 10-11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಕ್ಯಾಮೆರಾಗಳಿಗೆ ಕೆಂಪು ಬೆಳಕು ಸಿಕ್ಕಿತು. ಮೈಸೂರು ಅದಕ್ಕಿಂತ 20 ಡಿಗ್ರಿ ದಕ್ಷಿಣಕ್ಕಿದೆ.

ಪ್ರಶ್ನೆ: ಚಿಕ್ಕ ಬಿರುಗಾಳಿಗೇ ಸ್ಟಾರ್‌ಲಿಂಕ್ ಉಪಗ್ರಹಗಳು ಬಿದ್ದುವಂತೆ. ಗಾಳಿಯೇ ಇಲ್ಲದ ಕಡೆ ಏನು ಅಡ್ಡ ಬಂತು? (ಶ್ರೀರಂಗಪಟ್ಟಣ)

ಅಷ್ಟು ಎತ್ತರದಲ್ಲೂ ಗಾಳಿ ಇದೆ, ತೆಳ್ಳಗೆ. ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುವ ಉಪಗ್ರಹಕ್ಕೆ ಆ ತೆಳುಗಾಳಿಯೂ ಬ್ರೇಕು. ಧ್ರುವ ಪ್ರದೇಶಕ್ಕೆ ಸುರಿದ ಶಕ್ತಿಯಿಂದ ಉಷ್ಣಗೋಳ (ಮೇಲ್ವಾಯುಮಂಡಲದ ಬಿಸಿ ಪದರ) ಕಾದರೆ ಹಾಲು ಉಕ್ಕುವ ಹಾಗೆ ಮೇಲಕ್ಕೆ ಉಬ್ಬುತ್ತದೆ. ಕೆಳಗಿನ ದಟ್ಟ ಗಾಳಿ ಕಕ್ಷೆಯ ಎತ್ತರಕ್ಕೆ ಏರುತ್ತದೆ. 2022ರ ಫೆಬ್ರವರಿ 3ರಂದು ಹಾರಿಸಿದ 49 ಉಪಗ್ರಹಗಳನ್ನು ಮೊದಲು 210 ಕಿ.ಮೀ. ಎತ್ತರಕ್ಕೆ ಬಿಟ್ಟಿದ್ದರು, ಪರೀಕ್ಷೆ ಮುಗಿಸಿ ಮೇಲೆ ಒಯ್ಯುವ ಯೋಜನೆ. ಎಳೆತ ಹಿಂದಿನ ಉಡಾವಣೆಗಳಿಗಿಂತ ಶೇ 50ರವರೆಗೆ ಹೆಚ್ಚಿತು, 38 ಉಪಗ್ರಹಗಳು ಉರಿದುಹೋದವು. ಬಿರುಗಾಳಿ ಸಣ್ಣದೇ. ಆದರೆ ಆ ಎತ್ತರದಲ್ಲಿ ತಡೆದುಕೊಳ್ಳುವ ಅವಕಾಶವೂ ಸಣ್ಣದು. 1979ರ ಜುಲೈ 11ರಂದು ಸ್ಕೈಲ್ಯಾಬ್ ಎಣಿಸಿದ್ದಕ್ಕಿಂತ ಬೇಗ ಬಿದ್ದದ್ದಕ್ಕೂ ಸೌರ ಚಟುವಟಿಕೆಯಿಂದ ಉಬ್ಬಿದ ಇದೇ ಉಷ್ಣಗೋಳ ಕಾರಣ.

ಸಾಂದ್ರತೆಯ ಮುನ್ಸೂಚನೆ ಬಿರುಗಾಳಿ ಮುಗಿದ ಮೇಲೂ ತಪ್ಪುವುದುಂಟು. ಕಾದ ಗಾಳಿಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ 5.3 ಮೈಕ್ರಾನ್ ಅವಕೆಂಪು ಬೆಳಕಾಗಿ ಶಾಖವನ್ನು ಹೊರಚೆಲ್ಲುತ್ತದೆ. ಅದು ಜಾಸ್ತಿಯಾದರೆ ಉಷ್ಣಗೋಳ ಬಿರುಗಾಳಿಗೆ ಮುಂಚೆ ಇದ್ದದ್ದಕ್ಕಿಂತಲೂ ತಣ್ಣಗಾಗಿ ಕುಗ್ಗುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಾದರಿ ಎರಡು ದಿನದ ನಂತರವೂ ಎಳೆತ ಹೆಚ್ಚಿದೆ ಎಂದೇ ಹೇಳುತ್ತಿರುತ್ತದೆ, ಉಪಗ್ರಹ ಅದು ಹೇಳಿದ ಜಾಗಕ್ಕಿಂತ ಹಲವು ಕಿಲೋಮೀಟರ್ ಆಚೆ ಇರುತ್ತದೆ.

ಪ್ರಶ್ನೆ: ಒಂದೊಂದು ಆಪ್ ಒಂದೊಂದು ಹೇಳುತ್ತದೆ. ನಾವೇ ನೋಡಿ ತಿಳಿಯಲು ಯಾವ ಅಂಕಿ ಸಾಕು? (ಮಳವಳ್ಳಿ)

ಎಲ್1ರ ನೇರ ನಕ್ಷೆ ತೆರೆಯಿರಿ, ಅದು ಎಲ್ಲರಿಗೂ ಮುಕ್ತ. ಮೊದಲು ಒಟ್ಟು ಕಾಂತಕ್ಷೇತ್ರ, ಬಿಟಿ. ಅದರ ಉತ್ತರ-ದಕ್ಷಿಣ ಪಾಲಾದ ಬಿಜೆಡ್ ಎಂದೂ ಬಿಟಿಯನ್ನು ಮೀರಲಾರದು. ಆದ್ದರಿಂದ ಬಿಟಿ 10 ನ್ಯಾನೊಟೆಸ್ಲಾಕ್ಕಿಂತ ಕೆಳಗಿದ್ದರೆ ಯಾವ ಆಪ್ ಎಷ್ಟೇ ಕೆಂಪಾಗಲಿ, ದೊಡ್ಡ ಬಿರುಗಾಳಿ ಬರುವ ಹೊತ್ತಲ್ಲ. ಬಿಟಿ 20 ದಾಟಿದ್ದರೆ ಬಿಜೆಡ್ ನೋಡಿ. ಐದು ನಿಮಿಷ ಮೈನಸ್‌ಗೆ ಹೋಗಿ ಮತ್ತೆ ಪ್ಲಸ್‌ಗೆ ಬಂದರೆ ಲೆಕ್ಕಕ್ಕಿಲ್ಲ. ಮೈನಸ್ 10ಕ್ಕಿಂತ ಕೆಳಗೆ ಮೂರು ಗಂಟೆ ನಿಂತರೆ ತೀವ್ರ ಬಿರುಗಾಳಿ ಬಂತೆಂದೇ ತಿಳಿಯಿರಿ. ಆಮೇಲೆ ವೇಗ. ಕಣಗಳ ಸಾಂದ್ರತೆಯನ್ನು ಕೊನೆಗೆ ನೋಡಿ: ಅದು ಏಕಾಏಕಿ ಜಿಗಿದರೆ ಆಘಾತದ ಅಲೆ ಬಂತು ಎಂದು ಗೊತ್ತಾಗುತ್ತದೆ, ಅಷ್ಟೇ.

ಕರೋನಾ ರಂಧ್ರದಿಂದ, ಅಂದರೆ ಕರೋನಾ ತೆಳುವಾದ ಜಾಗದಿಂದ, ಬರುವ ವೇಗದ ಗಾಳಿಯಾದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಸೂರ್ಯ ತಿರುಗಿ ಅದೇ ಮುಖ ತೋರಿಸಲು 27 ದಿನ. ಒಂದು ಸುತ್ತಿನಲ್ಲಿ ಕಾಟ ಕೊಟ್ಟ ರಂಧ್ರ ಮುಂದಿನ ಸುತ್ತಿನಲ್ಲೂ ಹೆಚ್ಚುಕಡಿಮೆ ಅದೇ ದಿನಕ್ಕೆ ಬರುತ್ತದೆ.

ಸಮಯದ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ನಕ್ಷೆಯಲ್ಲಿರುವುದು ಯುಟಿ, ಅಂದರೆ ವಿಶ್ವ ಸಮಯ; ಐದೂವರೆ ಗಂಟೆ ಕೂಡಿಸಿ. ಕೆಪಿಯ ಮೂರು ಗಂಟೆಯ ಕಂಬಗಳು ಹಾಗಾಗಿ ನಮ್ಮಲ್ಲಿ ಬೆಳಿಗ್ಗೆ 5.30-8.30, 8.30-11.30 ಹೀಗೆ ಬೀಳುತ್ತವೆ. ಸಂಜೆಯ ಕಂಬ 5.30ರಿಂದ 8.30. ಇನ್ನೊಂದು, ಕೆಲವು ನಕ್ಷೆಗಳು ಎಲ್1ರಲ್ಲಿ ಅಳೆದ ಗಳಿಗೆಯನ್ನೇ ತೋರಿಸುತ್ತವೆ, ಕೆಲವು ಭೂಮಿಗೆ ತಲಪುವ ಗಳಿಗೆಗೆ ಮೊದಲೇ ಸರಿಸಿ ತೋರಿಸುತ್ತವೆ. ಸರಿಸಿದ ನಕ್ಷೆಗೆ ನೀವು ಮತ್ತೆ ನಲವತ್ತು ನಿಮಿಷ ಕೂಡಿಸಿದರೆ, ಇನ್ನೂ ಬಿಡುವಿದೆ ಎಂದುಕೊಂಡು ಡ್ರೋನ್ ಏರಿಸುವ ಹೊತ್ತಿಗೆ ಅಲೆ ಬಂದು ಬಡಿದಾಗಿರುತ್ತದೆ. ನಕ್ಷೆಯ ಅಡಿಯಲ್ಲಿ ಯಾವ ಸಮಯ ಎಂದು ಬರೆದಿರುತ್ತಾರೆ, ಮೊದಲು ಅದನ್ನು ಓದಿ.